ಭಾನುವಾರದ ಸೀಟಿ

ಎಂಬತ್ತರ ದಶಕದಲ್ಲಿ ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಬೆಳೆದವರಿಗೆ ಭಾನುವಾರವೆಂದರೆ ಆಟದ ದಿನ. ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ, ಅದರ ಬೆನ್ನಿಗೇ ಮಕ್ಕಳಿಗೆ ದೊತೊರ್ನ್. ಧರ್ಮಪಾಠ ಮುಗಿದು ಅಂಗಳಕ್ಕೆ ಇಳಿದರೆ ಅಲ್ಲೇ ಅರ್ಧ ತಂಡ ಸಿದ್ಧ. ಮನೆಗೆ ಓಡಿ, ಹಂದಿಮಾಂಸದ ಪದಾರ್ಥದ ಜೊತೆ ಊಟ ಮುಗಿಸಿ, ಕೊಯ್ಲಾದ ಗದ್ದೆಗೆ ಇಳಿದರೆ ಸಂಜೆಯವರೆಗೂ ಕ್ರಿಕೆಟ್. ಏಳು ಗಂಟೆಯ ಹೊತ್ತಿಗೆ ಮನೆಮಂದಿಯೆಲ್ಲ ಕೂತು ತೇರ್ಸ್ ಹೇಳುವಾಗ ಮಾತ್ರ ಎಲ್ಲರೂ ಇರಬೇಕು, ಕಾಲು ತೊಳೆದುಕೊಂಡು. ಜಪಮಾಲೆಗೆ ತಪ್ಪಿಸಿಕೊಂಡರೆ ಬೈಗುಳ ಉಂಟು. ಗದ್ದೆಯಲ್ಲಿ ಆಡಿದ್ದಕ್ಕೆ ಯಾರೂ ಬೈದದ್ದಿಲ್ಲ.

1987ರ ಜನವರಿಯಿಂದ ಈ ದಿನಚರಿಗೆ ಇನ್ನೊಂದು ಸೇರಿತು. ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಬರತೊಡಗಿತು. ಟಿವಿ ಇದ್ದ ಮನೆ ಊರಿಗೆ ಒಂದೋ ಎರಡೋ. ಧರ್ಮಪಾಠ ಬಿಟ್ಟ ಕೂಡಲೇ ಆ ಮನೆಯ ಜಗಲಿಯಲ್ಲಿ ಶೆಟ್ಟರ ಮಕ್ಕಳು, ಬ್ಯಾರಿಗಳ ಮಕ್ಕಳು, ಕ್ಯಾಥೊಲಿಕ್ ಪೊರ್ಬುಗಳ ಮಕ್ಕಳು ಒತ್ತೊತ್ತಾಗಿ ಕೂರುತ್ತಿದ್ದರು. ಇಗರ್ಜಿಯ ಮೈದಾನದಲ್ಲೇ ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ ಅವರ ಸಂಗೀತ ಸಂಜೆಗಳು ನಡೆಯುತ್ತಿದ್ದವು. ದೇವರ ಹಾಡು ಒಳಗೆ, ಪ್ರೇಮದ ಹಾಡು ಹೊರಗೆ. ಕೇಳುವವರು ಮಾತ್ರ ಅವರೇ. ಮದುವೆಗಳಲ್ಲಿ ಬಾಯ್ಲಾ ಕುಣಿತಕ್ಕೆ ಫಾದರರೂ ಕೈತಟ್ಟುತ್ತಿದ್ದರು. ಆಟ, ಹಾಡು, ಕುಣಿತ ಇವೆಲ್ಲ ದೇವರಿಗೆ ಎದುರು ನಿಂತ ಸಂಗತಿಗಳು ಎಂಬ ಯೋಚನೆಯೇ ಆ ಮಕ್ಕಳಿಗೆ ಪರಿಚಯವಿರಲಿಲ್ಲ.

ಹಾಗೆ ಬೆಳೆದ ಹುಡುಗರು ಮುಂದೆ ಯಾವಾಗಲೋ ವಿಡಿಯೊ ಕ್ಯಾಸೆಟ್ಟಿನಲ್ಲಿ ‘ಚಾರಿಯಟ್ಸ್ ಆಫ್ ಫೈರ್’ ನೋಡಿದಾಗ ಗೊಂದಲಕ್ಕೆ ಬಿದ್ದರು. 1924ರ ಪ್ಯಾರಿಸ್ ಒಲಿಂಪಿಕ್ಸ್. ಎರಿಕ್ ಲಿಡೆಲ್ ಎಂಬ ಸ್ಕಾಟ್ಲೆಂಡಿನ ಓಟಗಾರ 100 ಮೀಟರ್ ಓಟಕ್ಕೆ ನಿಲ್ಲುವುದಿಲ್ಲ ಎನ್ನುತ್ತಾನೆ, ಯಾಕೆಂದರೆ ಅದರ ಅರ್ಹತಾ ಸುತ್ತು ಭಾನುವಾರ. ಸಿನಿಮಾದಲ್ಲಿ ಅದು ಎದೆ ನಡುಗಿಸುವ ಸನ್ನಿವೇಶ. ಗದ್ದೆಯಲ್ಲಿ ಆಡಿ ಬೆಳೆದವರ ಪ್ರಶ್ನೆ ಮಾತ್ರ ಸರಳವಾಗಿತ್ತು: ಬೆಳಗಿನ ಪೂಜೆ ಮುಗಿಸಿ ಬಂದು ಓಡಬಹುದಿತ್ತಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಯುರೋಪಿನ ಧರ್ಮಸುಧಾರಣೆಯ ಕಾಲಕ್ಕೆ ಹೋಗಬೇಕು. ಕ್ಯಾಥೊಲಿಕರಿಗೆ ಭಾನುವಾರದ ಕಟ್ಟಳೆ ಮುಖ್ಯವಾಗಿ ಎರಡು: ಪೂಜೆ ತಪ್ಪಿಸಬಾರದು, ದುಡಿಮೆಯ ಕೆಲಸ ಮಾಡಬಾರದು. ಆಟ ದುಡಿಮೆಯಲ್ಲ, ಆದ್ದರಿಂದ ಅದಕ್ಕೆ ತಡೆಯಿಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಕಟ್ಟುನಿಟ್ಟಿನ ಪ್ರಾಟೆಸ್ಟಂಟರು ಮೋಶೆಯ ಹತ್ತು ಆಜ್ಞೆಗಳಲ್ಲಿರುವ ಸಬ್ಬತ್ ದಿನವನ್ನೇ ಭಾನುವಾರಕ್ಕೆ ತಂದು ಕೂರಿಸಿದರು. ಇಡೀ ದಿನ ದೇವರದು. ಬಿಲ್ಲುಗಾರಿಕೆ, ಕುಣಿತದಂಥ ಆಟಗಳನ್ನು ಭಾನುವಾರ ಆರಾಧನೆಯ ನಂತರ ಆಡಬಹುದು ಎಂದು ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ 1618ರಲ್ಲಿ ಸಾರಿದಾಗ ಪ್ಯೂರಿಟನ್ನರು ಕೆರಳಿದರು. ಅವನ ಮಗ ಚಾರ್ಲ್ಸ್ 1633ರಲ್ಲಿ ಅದನ್ನೇ ಮತ್ತೆ ಹೊರಡಿಸಿದ. ಹತ್ತು ವರ್ಷದ ಮೇಲೆ ಪಾರ್ಲಿಮೆಂಟು ಆ ಘೋಷಣೆಯನ್ನು ಬಹಿರಂಗವಾಗಿ ಸುಡಿಸಿತು. ಆಟದ ಬಗ್ಗೆ ಬರೆದ ಒಂದು ಕಾಗದ ರಾಜನಿಗೂ ಪ್ರಜೆಗಳಿಗೂ ನಡುವಿನ ಜಗಳದಲ್ಲಿ ಬೆಂಕಿಗೆ ಬಿದ್ದದ್ದು ಲೋಕದ ಚರಿತ್ರೆಯಲ್ಲೇ ಅಪರೂಪ.

ಸ್ಕಾಟ್ಲೆಂಡಿನಲ್ಲಿ ಈ ಶಿಸ್ತು ಇನ್ನೂ ಆಳಕ್ಕೆ ಇಳಿಯಿತು. ಲೂಯಿಸ್ ದ್ವೀಪದಲ್ಲಿ ಮಕ್ಕಳ ಉಯ್ಯಾಲೆಗಳಿಗೆ ಭಾನುವಾರ ಸರಪಳಿ ಬಿಗಿಯುತ್ತಿದ್ದದ್ದು ಇಪ್ಪತ್ತನೆಯ ಶತಮಾನದ ಮಾತು. ಗಾಲ್ಫ್‌ನ ತವರು ಎನಿಸಿದ ಸೇಂಟ್ ಆಂಡ್ರೂಸ್‌ನ ಹಳೆಯ ಅಂಗಳ ದೊಡ್ಡ ಪಂದ್ಯಗಳಿದ್ದಾಗ ಬಿಟ್ಟರೆ ಇವತ್ತಿಗೂ ಭಾನುವಾರ ಆಟಕ್ಕೆ ತೆರೆಯುವುದಿಲ್ಲ. ಸಿನಿಮಾದ ಆರಂಭದಲ್ಲಿ ವ್ಯಾಂಜೆಲಿಸ್ ಅವರ ಸಂಗೀತಕ್ಕೆ ಹುಡುಗರು ಬರಿಗಾಲಲ್ಲಿ ಓಡುವ ಕಡಲತೀರ ಇದೇ ಅಂಗಳದ ಪಕ್ಕದಲ್ಲಿದೆ.

ಇದೆಲ್ಲ ಮಂಗಳೂರಿಗೆ ತೀರ ಪರಕೀಯವೂ ಅಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳ ಬೇರು ದಕ್ಷಿಣ ಜರ್ಮನಿಯ ಭಕ್ತಿಪಂಥದಲ್ಲಿತ್ತು. ಅವರಿಗೂ ಕರ್ತನ ದಿನವೆಂದರೆ ಮೌನ, ಪ್ರಾರ್ಥನೆ, ವೇದಪಾಠ. ಒಂದೇ ಊರಿನಲ್ಲಿ ಒಂದೇ ಕ್ರಿಸ್ತನನ್ನು ನಂಬುವ ಎರಡು ಓಣಿಗಳಲ್ಲಿ ಭಾನುವಾರದ ಮಧ್ಯಾಹ್ನ ಎರಡು ಥರ ಕಳೆಯುತ್ತಿತ್ತು.

ಆಟದ ಬಗ್ಗೆ ಕ್ರೈಸ್ತರ ಮನಸ್ಸು ಮೊದಲಿನಿಂದಲೂ ಇಬ್ಬಗೆಯದು. ಸಂತ ಪೌಲ ತನ್ನ ಪತ್ರಗಳಲ್ಲಿ ಭಕ್ತನನ್ನು ಓಟಗಾರನಿಗೆ ಹೋಲಿಸಿದ. ಕ್ರೀಡಾಂಗಣ ಗೊತ್ತಿದ್ದವನ ಮಾತು ಅದು. ಅವನ ನಂತರ ನೂರೈವತ್ತು ವರ್ಷದೊಳಗೆ ಕಾರ್ಥೇಜಿನ ತೆರ್ತುಲ್ಲಿಯನ್ ರೋಮನ್ನರ ಅಖಾಡ, ನಾಟಕಶಾಲೆಗಳ ಹತ್ತಿರವೂ ಹೋಗಬೇಡಿ ಎಂದು ಪುಸ್ತಕವನ್ನೇ ಬರೆದ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಮತ್ತೆ ದಿಕ್ಕು ಬದಲಿಸಿತು. ಗಟ್ಟಿ ಮೈ, ಗಟ್ಟಿ ನಂಬಿಕೆ ಎರಡೂ ಒಟ್ಟಿಗೇ ಬೆಳೆಯಬೇಕು ಎಂಬ ಹೊಸ ಮಾತು ಹುಟ್ಟಿತು. 1891ರಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಕಟ್ಟಿದ್ದು ವೈಎಂಸಿಎ ತರಬೇತಿ ಶಾಲೆಯಲ್ಲಿ; 1895ರಲ್ಲಿ ವಿಲಿಯಂ ಮಾರ್ಗನ್ ವಾಲಿಬಾಲ್ ರೂಪಿಸಿದ್ದೂ ವೈಎಂಸಿಎಯಲ್ಲೇ. ಅದೇ ಸಂಘದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದರು. ಕನ್ನಡ ನಾಡಿನ ಹಳ್ಳಿ ಹಳ್ಳಿಯಲ್ಲಿ ಇವತ್ತು ಸಂಜೆ ಬಲ್ಬು ಕಟ್ಟಿ ವಾಲಿಬಾಲ್ ಆಡುವವರಿಗೆ ಆ ಆಟದ ಹಿಂದೆ ಒಂದು ಕ್ರೈಸ್ತ ಯುವಕ ಸಂಘವಿದೆ ಎಂದು ಗೊತ್ತಿರಬೇಕಿಲ್ಲ. ಗೊತ್ತಾದರೆ ಬೇಸರವೂ ಆಗಬೇಕಿಲ್ಲ.

ಲಿಡೆಲ್ ಈ ಎರಡು ಹೊಳೆಗಳು ಕೂಡಿದ ಜಾಗದಲ್ಲಿ ಹುಟ್ಟಿದವರು. ಹುಟ್ಟಿದ ಊರು ಚೀನಾದ ತಿಯಾನ್‌ಜಿನ್, 1902ರ ಜನವರಿ 16. ತಂದೆ ತಾಯಿ ಲಂಡನ್ ಮಿಶನರಿ ಸೊಸೈಟಿಯವರು. ಮಿಶನರಿಗಳ ಮಕ್ಕಳಿಗೆಂದೇ ಇದ್ದ ಇಂಗ್ಲೆಂಡಿನ ವಸತಿ ಶಾಲೆಯಲ್ಲಿ ಓದು, ಆಮೇಲೆ ಎಡಿನ್‌ಬರೋ ವಿಶ್ವವಿದ್ಯಾಲಯ. ರಗ್ಬಿಯಲ್ಲಿ ಸ್ಕಾಟ್ಲೆಂಡ್ ಪರವಾಗಿ ಏಳು ಪಂದ್ಯ ಆಡಿದರು. 1923ರಲ್ಲಿ 100 ಗಜವನ್ನು 9.7 ಸೆಕೆಂಡಿನಲ್ಲಿ ಓಡಿದರು. ಬ್ರಿಟನ್ನಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಆ ದಾಖಲೆ ಮುರಿಯಲಿಲ್ಲ. ಅದೇ ವರ್ಷ ಸ್ಟೋಕ್‌ನಲ್ಲಿ 440 ಗಜದ ಓಟ ಶುರುವಾದ ಕೂಡಲೇ ಪಕ್ಕದವನ ಕಾಲು ತಾಗಿ ಬಿದ್ದರು, ಎದ್ದರು, ಎಲ್ಲರನ್ನೂ ದಾಟಿ ಗೆದ್ದರು. ಅವರ ಓಟ ನೋಡಲು ಚೆಂದವಿರಲಿಲ್ಲ. ತಲೆ ಹಿಂದಕ್ಕೆ ಬಾಗಿ, ಬಾಯಿ ತೆರೆದು, ಕೈಗಳು ಗಾಳಿಗೆ ಬಡಿಯುತ್ತಿದ್ದವು. ಶೈಲಿ ತಿದ್ದಲು ಹೊರಟ ತರಬೇತುದಾರರು ಫಲಿತಾಂಶ ನೋಡಿ ಸುಮ್ಮನಾದರು.

ಪ್ಯಾರಿಸ್ಸಿನ ಕಥೆಯನ್ನು ಸಿನಿಮಾ ಬದಲಿಸಿದೆ. ಹಡಗು ಹತ್ತುವ ಹೊತ್ತಿಗೆ ಭಾನುವಾರದ ಸುದ್ದಿ ಅವರ ಕಿವಿಗೆ ಬೀಳುವುದು, ರಾಜಕುಮಾರ ಒತ್ತಾಯಿಸುವುದು, ಗೆಳೆಯನೊಬ್ಬ ತನ್ನ ಜಾಗ ಬಿಟ್ಟುಕೊಡುವುದು ಇವು ಬರಹಗಾರ ಕಾಲಿನ್ ವೆಲಂಡ್ ತೆರೆಗಾಗಿ ಕಟ್ಟಿದ ಸಂಗತಿಗಳು. ವೇಳಾಪಟ್ಟಿ ಲಿಡೆಲ್‌ಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಅವರು ಗದ್ದಲ ಮಾಡಲಿಲ್ಲ. 100 ಮೀಟರ್ ಬಿಟ್ಟರು, ಭಾನುವಾರ ಬೀಳುತ್ತಿದ್ದ ಎರಡು ರಿಲೇಗಳನ್ನೂ ಬಿಟ್ಟರು, 400 ಮೀಟರಿಗೆ ತಯಾರಿ ಶುರು ಮಾಡಿದರು. ಓಟಕ್ಕೆ ಅಡ್ಡಿ ಮಾಡುವವಳಂತೆ ತೆರೆಯ ಮೇಲೆ ಕಾಣುವ ತಂಗಿ ಜೆನ್ನಿ ನಿಜದಲ್ಲಿ ಅಣ್ಣನ ಪರವಾಗಿದ್ದವರು. ದೇಶಕ್ಕಿಂತ ದೊಡ್ಡದೇನು ಎಂದು ಪತ್ರಿಕೆಗಳು ಕೇಳಿದ್ದು ಮಾತ್ರ ನಿಜ.

ಜುಲೈ 6, ಭಾನುವಾರ, 100 ಮೀಟರ್ ಸುತ್ತುಗಳು ನಡೆದವು. ಮರುದಿನ ಹೆರಾಲ್ಡ್ ಅಬ್ರಹಾಮ್ಸ್ 10.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಒಲಿಂಪಿಕ್ಸ್ ನಡೆಯುವಾಗಿನ ಭಾನುವಾರವನ್ನು ಲಿಡೆಲ್ ಪ್ಯಾರಿಸ್ಸಿನ ಸ್ಕಾಟಿಷ್ ಚರ್ಚಿನಲ್ಲಿ ಪ್ರವಚನಕ್ಕೆ ಕೊಟ್ಟರು. 200 ಮೀಟರಿನಲ್ಲಿ ಕಂಚು ಬಂತು. ಅಬ್ರಹಾಮ್ಸ್ ಆ ಓಟದಲ್ಲಿ ಕೊನೆಯವರು. ಜುಲೈ 11ರ ಶುಕ್ರವಾರ 400 ಮೀಟರ್ ಫೈನಲ್. ಹೊರಗಿನ ಲೇನಿನಲ್ಲಿ ನಿಂತ ಲಿಡೆಲ್‌ಗೆ ಪ್ರತಿಸ್ಪರ್ಧಿಗಳು ಯಾರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಮೊದಲ 200 ಮೀಟರನ್ನು 22.2 ಸೆಕೆಂಡಿನಲ್ಲಿ ಮುಗಿಸಿದರು. ಆ ವೇಗ 400 ಮೀಟರ್ ಓಟಗಾರನದ್ದಲ್ಲ, ಕುಸಿಯುವುದು ಖಂಡಿತ ಎಂದು ಬಲ್ಲವರು ಅಂದುಕೊಂಡರು. ಕುಸಿಯಲಿಲ್ಲ. 47.6 ಸೆಕೆಂಡು, ಚಿನ್ನ.

ಮರುವರ್ಷ ಅವರು ಚೀನಾಕ್ಕೆ ಹೊರಟುಬಿಟ್ಟರು. ಆಗ ವಯಸ್ಸು 23.

ಆ ಸಿನಿಮಾ ಬಂದದ್ದು 1981ರಲ್ಲಿ. ಮುಂದಿನ ವರ್ಷ ಅತ್ಯುತ್ತಮ ಚಿತ್ರವೂ ಸೇರಿ ನಾಲ್ಕು ಆಸ್ಕರ್ ಬಂತು. ಲೋಕದ ಅನೇಕ ಕಡೆ ಕ್ರೈಸ್ತರು ಅದನ್ನು ತಮ್ಮದೆಂದೇ ಅಪ್ಪಿಕೊಂಡರು. ಸಿನಿಮಾ ಮಂದಿರಕ್ಕೆ ಹೋಗುವುದೇ ತಪ್ಪು ಎಂದುಕೊಂಡಿದ್ದ ಸಭೆಗಳವರೂ ಈ ಭಕ್ತನ ಕಥೆಯನ್ನು ನೋಡಿದರು. ಒಂದು ಕೈ ಆಟವನ್ನು ದೂರ ತಳ್ಳುವಾಗ ಇನ್ನೊಂದು ಕೈ ಜನಪ್ರಿಯ ಕಲೆಯನ್ನು ಹತ್ತಿರ ಎಳೆದುಕೊಂಡಿತು. ಸಿನಿಮಾ ಬಂದ 1981ರಲ್ಲೇ ಇಂಗ್ಲೆಂಡಿನಲ್ಲಿ ಟೆಸ್ಟ್ ಕ್ರಿಕೆಟ್ ಮೊದಲ ಬಾರಿಗೆ ಭಾನುವಾರವೂ ನಡೆಯಿತು, ನಾಟಿಂಗ್‌ಹ್ಯಾಮಿನ ಟ್ರೆಂಟ್ ಬ್ರಿಡ್ಜ್‌ನಲ್ಲಿ. ಭಾನುವಾರ ಓಡದವನಿಗೆ ಚಪ್ಪಾಳೆ ಹೊಡೆಯುತ್ತಿದ್ದಾಗಲೇ ಆ ದೇಶ ಭಾನುವಾರದ ಆಟಕ್ಕೆ ಬಾಗಿಲು ತೆಗೆಯಿತು.

ಲಿಡೆಲ್‌ರ ಹಾದಿಯಲ್ಲಿ ನಡೆದವರಲ್ಲಿ ಎಲ್ಲರಿಗೂ ನೆನಪಿರುವ ಹೆಸರು ಜೊನಾಥನ್ ಎಡ್ವರ್ಡ್ಸ್. ಟ್ರಿಪಲ್ ಜಂಪಿನ ಈ ಆಟಗಾರ 1991ರ ವಿಶ್ವ ಚಾಂಪಿಯನ್‌ಶಿಪ್ಪಿಗೆ ಭಾನುವಾರದ ಕಾರಣ ಕೊಟ್ಟು ಹೋಗಲಿಲ್ಲ. 1993ರಲ್ಲಿ ಮನಸ್ಸು ಬದಲಿಸಿದರು: ಜಿಗಿಯುವ ಶಕ್ತಿ ದೇವರದ್ದಾದರೆ ಭಾನುವಾರವೂ ಜಿಗಿಯಬಹುದು. 1995ರಲ್ಲಿ ಗೋಥೆನ್‌ಬರ್ಗ್‌ನಲ್ಲಿ 18.29 ಮೀಟರ್ ಹಾರಿ ವಿಶ್ವದಾಖಲೆ, 2000ದಲ್ಲಿ ಸಿಡ್ನಿಯ ಚಿನ್ನ. ಬಿಬಿಸಿಯ ಭಕ್ತಿಗೀತೆಗಳ ಕಾರ್ಯಕ್ರಮವನ್ನೂ ನಡೆಸಿಕೊಟ್ಟರು. 2007ರಲ್ಲಿ ತನ್ನ ನಂಬಿಕೆ ಉಳಿದಿಲ್ಲವೆಂದು ಬಹಿರಂಗವಾಗಿ ಹೇಳಿದರು. ಭಾನುವಾರ ಬಿಟ್ಟುಕೊಟ್ಟದ್ದಕ್ಕೇ ನಂಬಿಕೆ ಹೋಯಿತು ಎಂದು ಕೆಲವರು ಗಂಟು ಹಾಕಿದರು. ಅಷ್ಟು ಸುಲಭದ ಲೆಕ್ಕ ಮನುಷ್ಯನ ಮನಸ್ಸಿನಲ್ಲಿ ಇರುವುದಿಲ್ಲ. ಎಡ್ವರ್ಡ್ಸ್ ತನ್ನ ಒಳಗನ್ನು ಮುಚ್ಚಿಡದೆ ಹೇಳಿದರು. ಆ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು.

ನಮ್ಮ ಕಾಲದಲ್ಲಿ ಪ್ರಶ್ನೆ ಭಾನುವಾರದಿಂದ ಬಾಯಿಗೆ ಬಂದಿದೆ. ಆಡಬೇಕೋ ಬೇಡವೋ ಎಂಬುದು ಹೋಗಿ, ಗೆದ್ದ ಮೇಲೆ ದೇವರ ಹೆಸರು ಎತ್ತಬೇಕೋ ಬೇಡವೋ ಎಂಬುದು ಬಂದಿದೆ. 2025ರ ಅಕ್ಟೋಬರ್ 30ರಂದು ನವಿ ಮುಂಬೈಯಲ್ಲಿ ಆಸ್ಟ್ರೇಲಿಯಾದ 338 ರನ್ ಬೆನ್ನಟ್ಟಿ ಜೆಮಿಮಾ ರೊಡ್ರಿಗಸ್ ಔಟಾಗದೆ 127 ಹೊಡೆದರು, ಭಾರತ ಮಹಿಳಾ ಕ್ರಿಕೆಟ್ ವಿಶ್ವಕಪ್ ಫೈನಲಿಗೆ ಹೋಯಿತು. ಕಣ್ಣೀರು ಒರೆಸಿಕೊಳ್ಳುತ್ತಾ ಅವರು ಯೇಸುವಿಗೆ ಕೃತಜ್ಞತೆ ಹೇಳಿದರು, ಟೂರ್ನಿಯುದ್ದಕ್ಕೂ ಕಾಡಿದ ಆತಂಕದ ಬಗ್ಗೆಯೂ ಹೇಳಿದರು. ಕೆಲವರಿಗೆ ಮೊದಲನೆಯ ಮಾತು ಹಿಡಿಸಲಿಲ್ಲ. ಬಹಳಷ್ಟು ಹುಡುಗಿಯರಿಗೆ ಎರಡನೆಯದು ಧೈರ್ಯ ಕೊಟ್ಟಿತು. ಫೈನಲ್ ನಡೆದದ್ದು ನವೆಂಬರ್ 2ರ ಭಾನುವಾರ. ಕ್ಯಾಥೊಲಿಕರಿಗೆ ಅದು ಮೃತರ ಸ್ಮರಣೆಯ ದಿನ. ಗೋರಿಗಳಿಗೆ ಹೂವಿಟ್ಟು ಮೊಂಬತ್ತಿ ಹಚ್ಚಿದವರು ಅದೇ ರಾತ್ರಿ ಭಾರತ 52 ರನ್ನಿಂದ ಗೆದ್ದದ್ದನ್ನೂ ನೋಡಿದರು. ಜೆಮಿಮಾ ಭಾನುವಾರ ಯಾಕೆ ಆಡಿದರು ಎಂದು ಯಾವ ಕ್ರೈಸ್ತರೂ ಸದ್ದೆಬ್ಬಿಸಲಿಲ್ಲ.

ಇಷ್ಟೆಲ್ಲದರ ನಡುವೆ ಲಿಡೆಲ್‌ರ ಬದುಕಿನಲ್ಲಿ ಇನ್ನೊಂದು ಭಾನುವಾರ ಇದೆ. ಪ್ಯಾರಿಸ್ಸಿನದಕ್ಕಿಂತ ಅದು ದೊಡ್ಡದು.

ಚೀನಾದಲ್ಲಿ ಅವರು ತಿಯಾನ್‌ಜಿನ್‌ನ ಕಾಲೇಜಿನಲ್ಲಿ ವಿಜ್ಞಾನದ ಮೇಷ್ಟರಾಗಿ ವರ್ಷಗಟ್ಟಲೆ ದುಡಿದರು. 1934ರಲ್ಲಿ ಫ್ಲಾರೆನ್ಸ್ ಮೆಕೆಂಜಿ ಅವರನ್ನು ಮದುವೆಯಾದರು. ಜಪಾನಿನ ದಾಳಿ ಶುರುವಾದ ಮೇಲೆ ಹಳ್ಳಿಗಾಡಿನ ಮಿಶನ್ ಕೇಂದ್ರಕ್ಕೆ ಹೋದರು. 1941ರಲ್ಲಿ ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿ ತಾವು ಉಳಿದರು. ಮೂರನೆಯ ಮಗಳನ್ನು ಅವರು ನೋಡಲೇ ಇಲ್ಲ. 1943ರಲ್ಲಿ ಜಪಾನಿ ಸೇನೆ ಅವರನ್ನು ಶಾನ್‌ಡಾಂಗ್ ಪ್ರಾಂತ್ಯದ ವೇಶಿಯೆನ್ ಶಿಬಿರಕ್ಕೆ ಹಾಕಿತು. ಮೊದಲು ಅದು ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಶನ್ನಿನ ಆವರಣವಾಗಿತ್ತು. ಗೋಡೆಯೊಳಗೆ ಸುಮಾರು 1,500 ಮಂದಿ: ವ್ಯಾಪಾರಿಗಳು, ಪಾದ್ರಿಗಳು, ಕ್ಯಾಥೊಲಿಕ್ ಸನ್ಯಾಸಿನಿಯರು, ಜಾಝ್ ವಾದಕರು, ಜೊತೆಗೆ ಚೀಫೂ ಶಾಲೆಯ ಮಕ್ಕಳು. ಆ ಮಕ್ಕಳಲ್ಲಿ ಬಹುಪಾಲು ಮಂದಿ ವರ್ಷಗಳಿಂದ ಅಪ್ಪ ಅಮ್ಮನ ಮುಖ ನೋಡಿರಲಿಲ್ಲ.

ಮಕ್ಕಳಿಗೆ ಅವರು ಅಂಕಲ್ ಎರಿಕ್. ಪ್ರಯೋಗಶಾಲೆ ಇಲ್ಲದ ಕಡೆ ರಸಾಯನಶಾಸ್ತ್ರ ಕಲಿಸಲು ಉಪಕರಣಗಳ ಚಿತ್ರಗಳನ್ನು ಕೈಯಲ್ಲೇ ಬರೆದರು. ಮುದುಕರ ಮನೆಗೆ ನೀರು, ಕಲ್ಲಿದ್ದಲು ಹೊತ್ತರು. ಹಾಕಿ ಕೋಲುಗಳು ಸೀಳಿದಾಗ ಹೊದಿಕೆಯ ಬಟ್ಟೆ ಹರಿದು ಪಟ್ಟಿ ಮಾಡಿ ಸುತ್ತಿ ಬಿಗಿದರು. ಅದೇ ಶಿಬಿರದಲ್ಲಿದ್ದ ಲ್ಯಾಂಗ್ಡನ್ ಗಿಲ್ಕಿ ಎಂಬ ಅಮೆರಿಕನ್ ಯುವಕ ಮುಂದೆ ದೊಡ್ಡ ಧರ್ಮಶಾಸ್ತ್ರಜ್ಞನಾದ. 1966ರಲ್ಲಿ ಆ ದಿನಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅವನು ಪಾದ್ರಿಗಳನ್ನೂ ಬಿಡದೆ ಎಲ್ಲರ ಸಣ್ಣತನಗಳನ್ನು ಬಯಲಿಗಿಟ್ಟಿದ್ದಾನೆ: ಜಾಗಕ್ಕಾಗಿ ಜಗಳ, ಕಲ್ಲಿದ್ದಲ ಕಳವು, ಹೊರಗಿನಿಂದ ಬಂದ ಆಹಾರದ ಪೊಟ್ಟಣಗಳಿಗಾಗಿ ಕಾದಾಟ. ಲಿಡೆಲ್ ವಿಷಯಕ್ಕೆ ಬಂದಾಗ ಮಾತ್ರ ಬರವಣಿಗೆಯ ಧಾಟಿಯೇ ಬೇರೆ. ಬೇರೆ ಹೆಸರಿಟ್ಟು ಬರೆದರೂ ಯಾರೆಂದು ಗೊತ್ತಾಗುತ್ತದೆ. ಹದಿಹರೆಯದವರು ಮಾಡುವುದಕ್ಕೇನೂ ಇಲ್ಲದೆ ಹಾಳಾಗುತ್ತಿದ್ದಾಗ ಈ ಮನುಷ್ಯ ಸಂಜೆ ಸಂಜೆ ಅವರ ನಡುವೆ ಚದುರಂಗದ ಮಣೆಯ ಮುಂದೆ, ಆಟಿಕೆ ದೋಣಿ ಕಟ್ಟುವುದರಲ್ಲಿ, ಜೋಡಿ ಕುಣಿತ ಕಲಿಸುವುದರಲ್ಲಿ ಇರುತ್ತಿದ್ದ ಎಂದು ಗಿಲ್ಕಿ ನೆನೆದಿದ್ದಾನೆ. ಕುಣಿತವೆಂದರೆ ಹುಬ್ಬು ಗಂಟಿಕ್ಕುವ ಪಾದ್ರಿಗಳು ಶಿಬಿರದಲ್ಲಿ ಬೇಕಾದಷ್ಟು ಇದ್ದರು.

ಆಟಗಳನ್ನು ನಡೆಸುತ್ತಿದ್ದವರು ಅವರೇ. ಭಾನುವಾರ ಮಾತ್ರ ನಡೆಸುತ್ತಿರಲಿಲ್ಲ. ಪ್ಯಾರಿಸ್ಸಿನಲ್ಲಿ ಹಿಡಿದ ನಿಯಮವನ್ನು ಗೋಡೆಯೊಳಗೂ ಹಿಡಿದಿದ್ದರು. ಬೇರೆ ದಿನ ಪಾಠ, ಕೆಲಸ, ಹಾಜರಿ. ಹುಡುಗರಿಗೆ ಖಾಲಿ ಸಿಗುತ್ತಿದ್ದದ್ದೇ ಭಾನುವಾರ. ಒಂದು ಭಾನುವಾರ ಕೆಲವರು ತಾವೇ ಹಾಕಿ ಆಡಲು ಇಳಿದರು. ರೆಫ್ರಿ ಇರಲಿಲ್ಲ. ಆಟ ಜಗಳವಾಗಿ, ಜಗಳ ಹೊಡೆದಾಟವಾಗಿ ಮುಗಿಯಿತು.

ಆಮೇಲಿನ ಭಾನುವಾರ ಲಿಡೆಲ್ ಸೀಟಿ ಹಿಡಿದು ಮೈದಾನಕ್ಕೆ ಬಂದರು.

ಅವರು ಅದಕ್ಕೆ ವಿವರಣೆ ಬರೆದಿಡಲಿಲ್ಲ, ಪ್ರವಚನ ಮಾಡಲಿಲ್ಲ. ಶಿಬಿರದಲ್ಲಿದ್ದವರು ಮಾತ್ರ ಮುಂದೆ ದಶಕಗಟ್ಟಲೆ ಇದನ್ನು ಹೇಳುತ್ತಾ ಬಂದರು. ಒಲಿಂಪಿಕ್ ಚಿನ್ನಕ್ಕೂ ಬಿಟ್ಟುಕೊಡದ ಭಾನುವಾರವನ್ನು ಹೊಡೆದಾಡುವ ಹುಡುಗರಿಗೋಸ್ಕರ ಬಿಟ್ಟುಕೊಟ್ಟರು. ಪ್ಯಾರಿಸ್ಸಿನಲ್ಲಿ ಅವರು ಇಲ್ಲ ಅಂದದ್ದು ತಮ್ಮ ಗೆಲುವಿಗೆ. ತಮ್ಮದನ್ನು ಬಿಟ್ಟುಕೊಡುವ ಹಕ್ಕು ಅವರಿಗಿತ್ತು. ವೇಶಿಯೆನ್‌ನಲ್ಲಿ ಹಾಗೇ ಅಂದಿದ್ದರೆ ಬೆಲೆ ತೆರುತ್ತಿದ್ದವರು ಮಕ್ಕಳು. ಎರಡು ಭಾನುವಾರಗಳೂ ಒಬ್ಬನೇ ಮನುಷ್ಯನವು, ಒಂದೇ ನಂಬಿಕೆಯವು. ಮೊದಲನೆಯದಕ್ಕೆ ಲೋಕ ಆಸ್ಕರ್ ಕೊಟ್ಟಿತು. ಎರಡನೆಯದನ್ನು ಬಲ್ಲವರು ಇವತ್ತಿಗೂ ಕಡಿಮೆ. ಮಂಗಳೂರಿನ ಗದ್ದೆಯಲ್ಲಿ ಆಡಿದ ಹುಡುಗರಿಗೆ ಮೊದಲ ಲಿಡೆಲ್ ಅರ್ಥವಾಗಲು ಕಷ್ಟವಾಯಿತು. ಈ ಲಿಡೆಲ್ ಯಾವ ಊರಿನ ಯಾವ ಮಕ್ಕಳಿಗೂ ಅರ್ಥವಾಗುತ್ತಾರೆ.

1945ರ ಫೆಬ್ರವರಿ 21ರಂದು ಅವರು ಅಲ್ಲೇ ತೀರಿಕೊಂಡರು. ಮೆದುಳಿನಲ್ಲಿ ಗಡ್ಡೆ ಇತ್ತು. 43 ವರ್ಷ. ಆಗಸ್ಟ್ 17ರಂದು ಅಮೆರಿಕನ್ ಸೈನಿಕರು ಪ್ಯಾರಾಶೂಟಿನಲ್ಲಿ ಇಳಿದು ಶಿಬಿರವನ್ನು ಬಿಡಿಸಿದರು.

ತೀರಿಕೊಳ್ಳುವ ಕೆಲವೇ ವಾರ ಮೊದಲು ಅವರು ಸ್ಟೀಫನ್ ಮೆಟ್‌ಕಾಫ್ ಎಂಬ ಹುಡುಗನಿಗೆ ತಮ್ಮ ಸವೆದ ಓಟದ ಬೂಟು ಕೊಟ್ಟಿದ್ದರು. ಚಳಿಗಾಲ, ಹುಡುಗನ ಬೂಟು ಹರಿದುಹೋಗಿತ್ತು. ಬೈಬಲ್ ತರಗತಿಯಲ್ಲಿ ಶತ್ರುಗಳನ್ನು ಪ್ರೀತಿಸುವ ಮಾತು ಬಂದಾಗ ಮಕ್ಕಳು ಅದೆಲ್ಲ ಆಗುವ ಹೋಗುವ ಸಂಗತಿಯಲ್ಲ ಎಂದಿದ್ದರು. ಕಾವಲುಗಾರರಿಗಾಗಿ ಪ್ರಾರ್ಥಿಸಿ ನೋಡಿ ಎಂದು ಲಿಡೆಲ್ ಹೇಳಿದ್ದರು. ಮೆಟ್‌ಕಾಫ್ ಹಾಗೆ ಮಾಡಿದ. ಈ ಶಿಬಿರದಿಂದ ಬದುಕಿ ಹೊರಬಂದರೆ ಜಪಾನಿಗೇ ಹೋಗುತ್ತೇನೆಂದು ಮನಸ್ಸಿನಲ್ಲಿ ಹರಕೆ ಹೊತ್ತ. 1952ರಲ್ಲಿ ಹೋದ. ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲಿನ ಜನರ ನಡುವೆ ಕೆಲಸ ಮಾಡಿದ. ಲಿಡೆಲ್ ಬಗ್ಗೆ ಯಾರಾದರೂ ಕೇಳಿದರೆ ಬೂಟಿನ ಕಥೆಯನ್ನೂ ಪ್ರಾರ್ಥನೆಯ ಕಥೆಯನ್ನೂ ಒಟ್ಟಿಗೇ ಹೇಳುತ್ತಿದ್ದ.